ಶಾಪ ಕೊಟ್ಟವರು ಯಾರು?

ಸಂಡೂರಿನ ಗುಡ್ಡ ಇಳಿದು ಹೊಸಪೇಟೆ ಕಡೆ ಬರುವ ರಸ್ತೆಯಲ್ಲಿ 2007-08ರ ಹೊತ್ತಿಗೆ ಓಡಾಡಿದವರಿಗೆ ಆ ಕೆಂಪು ನೆನಪಿರುತ್ತದೆ. ರಸ್ತೆಬದಿಯ ಬೇವಿನೆಲೆ ಕೆಂಪು, ಜೋಳದ ತೆನೆ ಕೆಂಪು, ಹೋಟೆಲ್ಲಿನ ಮೇಜು ಒರೆಸುವ ಬಟ್ಟೆಯೂ ಕೆಂಪು. ಬೆಳಿಗ್ಗೆ ಹಿತ್ತಿಲಲ್ಲಿ ಒಣಹಾಕಿದ ಬಿಳಿ ಪಂಚೆ ಸಂಜೆಗೆ ತಾನಾಗಿಯೇ ಸನ್ಯಾಸ ತೆಗೆದುಕೊಂಡಿರುತ್ತಿತ್ತು. ಮುಂದೆ ನೋಡಿದರೆ ಲಾರಿ, ಹಿಂದೆ ನೋಡಿದರೆ ಲಾರಿ. ತಾಡಪಾಲು ಹೊದ್ದವು, ಹೊದೆಯದವು, ಅಳತೆ ಮೀರಿ ತುಂಬಿಕೊಂಡು ಏರಿನಲ್ಲಿ ಏದುಸಿರು ಬಿಡುವಂಥವು. ಅವುಗಳಲ್ಲಿ ಬಹಳಷ್ಟು ಹೊರಟದ್ದು ಅಂಕೋಲೆಯ ಹತ್ತಿರದ ಬೇಲೆಕೇರಿಯಂಥ ಬಂದರುಗಳಿಗೆ. ಅಲ್ಲಿಂದ ಮುಂದೆ ಹಡಗು, ಚೀನಾ.

ಆ ಸಾಲಿನಿಂದ ಒಂದು ಲಾರಿಯನ್ನು ಬದಿಗೆ ನಿಲ್ಲಿಸಿ ಲೆಕ್ಕ ಹಾಕೋಣ. ಅದರಲ್ಲಿ 16 ಟನ್ ಅದಿರಿದೆ ಅನ್ನಿ. ಅದಿರಿನ ಒಡೆಯರು, ಅಂದರೆ ಕರ್ನಾಟಕದ ಜನ, ಪ್ರತಿ ಟನ್ನಿಗೆ ಪಡೆಯುವ ಹಣಕ್ಕೆ ಗಣಿ ಇಲಾಖೆಯ ಕಡತಗಳಲ್ಲಿ ‘ರಾಜಧನ’ ಎಂಬ ಗಂಭೀರ ಹೆಸರಿದೆ. 2004ರ ದರಪಟ್ಟಿಯ ಪ್ರಕಾರ ಅತಿ ಶ್ರೇಷ್ಠ ದರ್ಜೆಯ ಗಟ್ಟಿ ಅದಿರಿಗೂ ರಾಜಧನ ಟನ್ನಿಗೆ 27 ರೂಪಾಯಿ; ಪುಡಿ ಅದಿರಿಗೆ ಅದಕ್ಕಿಂತಲೂ ಕಡಿಮೆ. ಮೇಲಿನ ದರವನ್ನೇ ಹಿಡಿದರೂ ಇಡೀ ಲಾರಿಗೆ 432 ರೂಪಾಯಿ. ಅದೇ ಹೊತ್ತಿಗೆ ಚೀನಾದ ಮಾರುಕಟ್ಟೆಯಲ್ಲಿ ಅದಿರಿನ ಬೆಲೆ ಟನ್ನಿಗೆ ನೂರು ಡಾಲರ್ ದಾಟಿತ್ತು. ಅಂದಿನ ವಿನಿಮಯ ದರದಲ್ಲಿ ಆ ಲಾರಿಯ ಹೊರೆ 60 ಸಾವಿರ ರೂಪಾಯಿಗೂ ಮಿಕ್ಕಿದ್ದು. ಹಡಗಿನ ಬಾಡಿಗೆ, ಬಂದರಿನ ಶುಲ್ಕ, ಸಾಗಣೆ ಎಲ್ಲ ಕಳೆದರೂ ಕೈಗೆ ದೊಡ್ಡ ಮೊತ್ತವೇ ಉಳಿಯುತ್ತಿತ್ತು. ಒಡೆಯನಿಗೆ ಸಂದದ್ದು ಮಾತ್ರ ನೂರಕ್ಕೆ ಒಂದು ರೂಪಾಯಿಯೂ ಇಲ್ಲ. ಬೇಲೆಕೇರಿ ಮುಟ್ಟುವಷ್ಟರಲ್ಲಿ ಆ ಲಾರಿ ಕುಡಿಯುವ ಡೀಸೆಲ್ಲಿನ ಬೆಲೆ ಅದರ ಎಷ್ಟೋ ಪಟ್ಟು.

ಈ ಲೆಕ್ಕವನ್ನು ಮೊದಲೇ ಇಟ್ಟದ್ದಕ್ಕೆ ಕಾರಣವಿದೆ. ಬಳ್ಳಾರಿಯ ಮಾತು ಬಂದಾಗಲೆಲ್ಲ ನಮ್ಮ ಸಂಪಾದಕೀಯಗಳಲ್ಲಿ, ವಿಚಾರ ಸಂಕಿರಣಗಳಲ್ಲಿ, ಬಸ್ಸಿನ ಹರಟೆಯಲ್ಲಿ ಕೇಳಿಬರುವ ತೀರ್ಪು ಒಂದೇ: ‘ಅದಿರೇ ಅವರಿಗೆ ಶಾಪವಾಯಿತು ನೋಡಿ.’ ಅರ್ಥಶಾಸ್ತ್ರಜ್ಞರು ಇದಕ್ಕೆ ‘ಸಂಪನ್ಮೂಲ ಶಾಪ’ ಎಂದು ಶಾಸ್ತ್ರೋಕ್ತ ಹೆಸರನ್ನೂ ಇಟ್ಟಿದ್ದಾರೆ. ನೆಲದಡಿಯ ಸಂಪತ್ತು ಹೆಚ್ಚಿದಷ್ಟೂ ಬೆಳವಣಿಗೆ ಕುಂಟುತ್ತದೆ, ಬಡವ-ಬಲ್ಲಿದರ ಅಂತರ ಹಿಗ್ಗುತ್ತದೆ, ರಾಜಕಾರಣ ಕೊಳೆಯುತ್ತದೆ ಎಂಬುದು ಅದರ ಸಾರ. ನನಗೆ ತಕರಾರಿರುವುದು ಆ ಪದದ ಬಗ್ಗೆಯೇ. ನಮ್ಮ ಪುರಾಣಗಳಲ್ಲಿ ವಿಳಾಸವಿಲ್ಲದ ಶಾಪವೊಂದೂ ಇಲ್ಲ. ಅಹಲ್ಯೆಗೆ ಶಾಪ ಕೊಟ್ಟವನು ಗೌತಮ, ಕರ್ಣನಿಗೆ ಪರಶುರಾಮ. ಯಾಕೆ ಕೊಟ್ಟರೆಂಬ ಕಥೆಯಿರುತ್ತದೆ, ಎಷ್ಟೋ ಸಲ ವಿಮೋಚನೆಯ ದಾರಿಯೂ ಇರುತ್ತದೆ. ಅರ್ಥಶಾಸ್ತ್ರದ ಶಾಪಕ್ಕೆ ಮಾತ್ರ ಕೊಟ್ಟವರ ಹೆಸರಿಲ್ಲ. ಅದಿರು ತಾನಾಗಿಯೇ ಎದ್ದು ಬಂದು ಊರನ್ನು ಕೆಡಿಸಿತು ಎಂಬಂತೆ ಮಾತು ಮುಗಿಯುತ್ತದೆ. ಇದರಿಂದ ಯಾರಿಗೆ ಅನುಕೂಲ ಎಂದು ವಿವರಿಸಬೇಕಿಲ್ಲ.

ಪದ ಹುಟ್ಟಿದ್ದು ತೀರ ಹಿಂದೇನಲ್ಲ. ರಿಚರ್ಡ್ ಆಟಿ ಎಂಬ ಆರ್ಥಿಕ ಭೂಗೋಳ ವಿದ್ವಾಂಸರು 1993ರಲ್ಲಿ ಅದನ್ನು ಚಲಾವಣೆಗೆ ತಂದರು. 1995ರಲ್ಲಿ ಜೆಫ್ರಿ ಸ್ಯಾಕ್ಸ್ ಮತ್ತು ಆ್ಯಂಡ್ರೂ ವಾರ್ನರ್ ಅದಕ್ಕೆ ಅಂಕಿಅಂಶಗಳ ಬಲ ಕೊಟ್ಟರು. ಹಲವು ಹತ್ತು ದೇಶಗಳನ್ನು ತೆಗೆದುಕೊಂಡು, 1970ರಿಂದ ಸುಮಾರು ಎರಡು ದಶಕಗಳಲ್ಲಿ ಅವು ಬೆಳೆದ ವೇಗವನ್ನು ನೋಡಿದರು. ಖನಿಜ, ತೈಲ, ಬೆಳೆಗಳಂಥ ಕಚ್ಚಾ ಸಂಪತ್ತಿನ ರಫ್ತಿಗೆ ದೇಶದ ಒಟ್ಟು ಉತ್ಪನ್ನದಲ್ಲಿ ದೊಡ್ಡ ಪಾಲಿದ್ದ ಕಡೆ ಬೆಳವಣಿಗೆ ನಿಧಾನವಾಗಿತ್ತು. ಲೇಖನ ಪ್ರಸಿದ್ಧವಾಯಿತು, ಪಠ್ಯಪುಸ್ತಕ ಸೇರಿತು, ಅಲ್ಲಿಂದ ನಮ್ಮ ಹರಟೆಗೂ ಇಳಿಯಿತು.

ಆದರೆ ಅವರು ಅಳೆದದ್ದು ಏನನ್ನು? ನೆಲದಡಿ ಎಷ್ಟು ಸಂಪತ್ತಿದೆ ಎಂಬುದನ್ನಲ್ಲ. ಆದಾಯದಲ್ಲಿ ಅದರ ಪಾಲು ಎಷ್ಟು ಎಂಬುದನ್ನು. ಎರಡಕ್ಕೂ ಅಜಗಜಾಂತರ. ಹಿತ್ತಿಲಲ್ಲಿ ಒಂದೇ ಹಲಸಿನ ಮರವಿರುವ ಬಡವನ ಮನೆಯನ್ನು ನೆನೆಯಿರಿ. ಅವನ ವರ್ಷದ ಗಳಿಕೆಯಲ್ಲಿ ಮುಕ್ಕಾಲು ಪಾಲು ಹಲಸಿನದೇ. ಪಕ್ಕದ ಸಾಹುಕಾರನ ತೋಟದಲ್ಲಿ ಇಪ್ಪತ್ತು ಹಲಸಿನ ಮರಗಳಿವೆ. ಜೊತೆಗೆ ಅಡಿಕೆ, ಅಂಗಡಿ, ಊರಲ್ಲಿ ಬಾಡಿಗೆಗೆ ಕೊಟ್ಟ ಮನೆ. ಅವನ ಗಳಿಕೆಯಲ್ಲಿ ಹಲಸಿನ ಪಾಲು ಲೆಕ್ಕಕ್ಕೇ ಸಿಗದು. ಈ ಎರಡು ಮನೆಗಳನ್ನು ನೋಡಿ ‘ಹಲಸನ್ನು ನಂಬಿದವನು ಬಡವನಾಗುತ್ತಾನೆ’ ಎಂದರೆ ಕಾರಣ ಪರಿಣಾಮಗಳನ್ನು ತಿರುಗುಮುರುಗು ಮಾಡಿದಂತೆ. ಬೇರೆ ಏನೂ ಬೆಳೆಯದ್ದರಿಂದ ಅವನು ಹಲಸನ್ನು ನೆಚ್ಚಿಕೊಂಡ. ಕ್ರಿಸ್ಟಾ ಬ್ರುನ್‌ಶ್ವೈಲರ್ ಮತ್ತು ಎರ್ವಿನ್ ಬುಲ್ಟೆ 2008ರಲ್ಲಿ ಸರಿಸುಮಾರು ಇದನ್ನೇ ಅಂಕಿಗಳಲ್ಲಿ ತೋರಿಸಿದರು. ಸಂಪತ್ತಿನ ಮೇಲಿನ ಅವಲಂಬನೆಯನ್ನು ಬಿಟ್ಟು ಸಂಪತ್ತಿನ ಇರವನ್ನೇ ಅಳೆದಾಗ ಶಾಪದ ಗುರುತು ಸಿಗಲಿಲ್ಲ. ಈ ತಿದ್ದುಪಡಿ ಪಠ್ಯಪುಸ್ತಕಕ್ಕೆ ಹೋದರೂ ಹರಟೆಯವರೆಗೆ ಇಳಿಯಲಿಲ್ಲ.

ಮತ್ತೆ ಸಂಡೂರಿಗೆ ಬರೋಣ. 27 ರೂಪಾಯಿ ಎಲ್ಲಿಂದ ಬಂತು? 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಪ್ರಮುಖ ಖನಿಜಗಳ ರಾಜಧನದ ದರ ನಿಗದಿ ಮಾಡುವುದು ಕೇಂದ್ರ ಸರ್ಕಾರ. ಹಣ ಬರುವುದು ರಾಜ್ಯಕ್ಕೆ. ಮೂರು ವರ್ಷಕ್ಕೆ ಒಂದು ಸಲಕ್ಕಿಂತ ಹೆಚ್ಚು ದರ ಏರಿಸುವಂತಿಲ್ಲ. ಕಬ್ಬಿಣದ ಅದಿರಿಗೆ ಆ ದರವನ್ನು ಬೆಲೆಯ ಶೇಕಡಾವಾರು ಪಾಲಾಗಿ ಇಡದೆ ಟನ್ನಿಗೆ ಇಂತಿಷ್ಟು ರೂಪಾಯಿ ಎಂದು ಕಟ್ಟಿಹಾಕಲಾಗಿತ್ತು. ಅದಿರು ಅಗ್ಗವಾಗಿದ್ದ ಕಾಲದಲ್ಲಿ ಇದು ಯಾರ ಕಣ್ಣಿಗೂ ಬೀಳಲಿಲ್ಲ. 2003ರ ನಂತರ ಚೀನಾದ ಹಸಿವು ಬೆಲೆಯನ್ನು ಮುಗಿಲಿಗೆ ಏರಿಸಿತು. ದರಪಟ್ಟಿ ನೆಲಕ್ಕೆ ಅಂಟಿಕೊಂಡೇ ಕೂತಿತು. ನಡುವೆ ಬಿದ್ದ ಅಂತರವೇ ಬಳ್ಳಾರಿಯ ಹೆಲಿಕಾಪ್ಟರುಗಳು, ಬಂಗಲೆಗಳು, ಚುನಾವಣೆಯ ಹಣದ ಹೊಳೆ. ಅದೇ 2003ರಲ್ಲಿ, ಸರ್ಕಾರಿ ವಲಯಕ್ಕೆಂದು ಕಾದಿರಿಸಿದ್ದ ವಿಶಾಲ ಪ್ರದೇಶವನ್ನು ರಾಜ್ಯ ಸರ್ಕಾರ ಖಾಸಗಿ ಗಣಿಗಾರಿಕೆಗೆ ತೆರೆದಿತ್ತು. ಒಂದು ಅಧಿಸೂಚನೆ ದೆಹಲಿಯದು, ಇನ್ನೊಂದು ಬೆಂಗಳೂರಿನದು. ಎರಡಕ್ಕೂ ಗುಡ್ಡದ ಒಪ್ಪಿಗೆ ಬೇಕಿರಲಿಲ್ಲ.

‘ಅದೆಲ್ಲ ಸರಿ, ಕಳ್ಳತನ ನಡೆದದ್ದು ನಿಜವಲ್ಲವೇ?’ ಎಂದು ಕೇಳಬಹುದು. ನಿಜ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಕೊಟ್ಟ ವರದಿ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಪರ್ಮಿಟ್ಟಿಲ್ಲದ ಲಾರಿಗಳನ್ನು ಮಾಮೂಲಿ ಪಡೆದು ಸಲೀಸಾಗಿ ದಾಟಿಸುವ ‘ಝೀರೋ ರಿಸ್ಕ್’ ವ್ಯವಸ್ಥೆಯ ಒಳಗುಟ್ಟನ್ನೂ ಅದು ಬಿಚ್ಚಿಟ್ಟಿತು. ಬೇಲೆಕೇರಿಯಲ್ಲಿ ಜಪ್ತಿ ಮಾಡಿಟ್ಟ ಅದಿರಿನಲ್ಲೇ ಲಕ್ಷಗಟ್ಟಲೆ ಟನ್ ಮಾಯವಾಗಿತ್ತು. ವರದಿ ಬಂದ ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಕಳ್ಳರ ಕಥೆಗೆ ರೋಚಕತೆಯಿದೆ. ನಮ್ಮ ಪತ್ರಿಕೆಗಳು ‘ಬಳ್ಳಾರಿ ಗಣರಾಜ್ಯ’ದ ಕಥೆಯನ್ನು ವರ್ಷಗಟ್ಟಲೆ ಬರೆದವು. ಬರೆಯಬೇಕಾದ್ದೇ. ಆದರೆ ಆ ಕಥೆಯ ನೆರಳಲ್ಲಿ ಇನ್ನೊಂದು ಸಂಗತಿ ಅಡಗಿ ಕೂತಿತು. ಒಂದು ಲಾರಿಯೂ ಕದಿಯದೆ, ಒಂದು ಟನ್ನೂ ಹೆಚ್ಚು ತುಂಬದೆ, ಪ್ರತಿ ಪರ್ಮಿಟ್ಟೂ ಅಸಲಿಯಾಗಿದ್ದಿದ್ದರೂ ಜನರಿಗೆ ಸಿಗುತ್ತಿದ್ದ ರಾಜಧನ ಲಾರಿಗೆ 432 ರೂಪಾಯಿಯೇ. ಕಾನೂನಿನ ಪ್ರಕಾರವೇ ಕಳೆದುಕೊಂಡದ್ದಕ್ಕೆ ಹಗರಣ ಎಂಬ ಹೆಸರು ಬರಲಿಲ್ಲ. ಮೊಕದ್ದಮೆಯೂ ಆಗಲಿಲ್ಲ.

ಬೆಲೆ ಹೆಚ್ಚು ಕೇಳಿದರೆ ಗಣಿಯೇ ನಿಂತುಹೋಗುತ್ತದೆ ಎಂಬ ವಾದ ಆಗಲೂ ಇತ್ತು, ಈಗಲೂ ಇದೆ. 2007ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಅದಿರಿಗೆ ಟನ್ನಿಗೆ 300 ರೂಪಾಯಿ ರಫ್ತು ಸುಂಕ ಹಾಕಿದಾಗ ದೊಡ್ಡ ಗದ್ದಲವೆದ್ದು, ಕೆಳದರ್ಜೆಯ ಪುಡಿ ಅದಿರಿಗೆ ಅದನ್ನು ಇಳಿಸಲಾಯಿತು. ಲಾರಿಗಳ ಸಾಲು ಮಾತ್ರ ಕರಗಲಿಲ್ಲ. ಆ ಸುಂಕ ಹೋದದ್ದು ದೆಹಲಿಗೆ, ಸಂಡೂರಿಗಲ್ಲ, ಅದು ಬೇರೆ ಮಾತು. 2009ರ ಆಗಸ್ಟಿನಲ್ಲಿ ರಾಜಧನವನ್ನು ಬೆಲೆಯ ಶೇ 10ಕ್ಕೆ, 2014ರಲ್ಲಿ ಶೇ 15ಕ್ಕೆ ಏರಿಸಲಾಯಿತು. ಗಣಿ ನಿಂತಿತೇ? 2015ರಲ್ಲಿ ಕಾಯ್ದೆ ಬದಲಾಗಿ, ಗುತ್ತಿಗೆಗಳನ್ನು ಹರಾಜಿನ ಮೂಲಕವೇ ಕೊಡಬೇಕೆಂದಾಯಿತು. ಅಕ್ರಮದ ಕಾರಣಕ್ಕೆ ರದ್ದಾಗಿದ್ದ ಗಣಿಗಳು ಬಳ್ಳಾರಿ ಸೀಮೆಯಲ್ಲಿ ಹರಾಜಿಗೆ ಬಂದಾಗ, ಅದಿರಿನ ಬೆಲೆಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ಸರ್ಕಾರಕ್ಕೆ ಕೊಡುತ್ತೇವೆಂದು ಕೂಗಿದ ಕಂಪನಿಗಳಿದ್ದವು. ಗುಡ್ಡ ಅದೇ, ಅದಿರು ಅದೇ, ಕೊಳ್ಳುವ ಕಾರ್ಖಾನೆಗಳೂ ಬಹುಪಾಲು ಅವೇ. ಹಿಂದೆ 27 ರೂಪಾಯಿಗೆ ಬಿಟ್ಟುಕೊಟ್ಟದ್ದರ ನಿಜವಾದ ಬೆಲೆ ಬಹಿರಂಗ ಹರಾಜಿನಲ್ಲಿ ಗೊತ್ತಾಯಿತು. ಶಾಪ ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ಗೊತ್ತಿಲ್ಲ.

ಇನ್ನು ಅಸಮಾನತೆ. ಇಲ್ಲಿ ನನ್ನ ಜಗಳ ‘ಗಣಿ ಬಂದರೆ ಅಭಿವೃದ್ಧಿ ತಾನಾಗಿ ಬರುತ್ತದೆ’ ಎನ್ನುವವರ ಜೊತೆಗೂ ಇದೆ. ಸಂಡೂರಿನಲ್ಲಿ ದೊಡ್ಡ ಪ್ರಮಾಣದ ಗಣಿ ಕಂಪನಿ ಶುರುವಾದದ್ದು 1954ರಲ್ಲಿ. 1970ರ ದಶಕದಲ್ಲಿ ದೋಣಿಮಲೈಯ ಸರ್ಕಾರಿ ಗಣಿ ಬಂತು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ತಾಲ್ಲೂಕುಗಳನ್ನು ತೂಗಿ ನೋಡಿ 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಅವುಗಳಲ್ಲೂ ‘ಅತ್ಯಂತ ಹಿಂದುಳಿದ’ 39ರ ಪಟ್ಟಿಯಲ್ಲಿ ಸಂಡೂರು ಇತ್ತು. ಅಂದರೆ ಚೀನಾ ಬರುವ ಮೊದಲೇ, ಬಳ್ಳಾರಿಯ ಗಣಿಧಣಿಗಳಾದ ರೆಡ್ಡಿಗಳ ಹೆಸರು ಊರಾಚೆ ಕೇಳಿಸುವ ಮೊದಲೇ, ಸುಮಾರು ಅರ್ಧ ಶತಮಾನ ಅದಿರು ತೆಗೆದ ನೆಲ ಶಾಲೆ, ಆಸ್ಪತ್ರೆ, ನೀರು, ರಸ್ತೆಗಳ ಲೆಕ್ಕದಲ್ಲಿ ರಾಜ್ಯದ ಕಟ್ಟಕಡೆಯ ಸಾಲಿನಲ್ಲಿ ನಿಂತಿತ್ತು.

ಇದು ಹೇಗಾಯಿತು ಎಂದು ತಿಳಿಯಲು ಒಂದು ಹೊಲಕ್ಕೆ ಹೋಗಬೇಕು. ಬೆಲೆ ಏರಿದ ವರ್ಷಗಳಲ್ಲಿ ಗುಡ್ಡದ ಬುಡದ ಪಟ್ಟಾ ಜಮೀನುಗಳಲ್ಲಿಯೂ ಮೇಲ್ಮಣ್ಣಿನ ಕೆಳಗೆ ಹರಡಿಕೊಂಡಿದ್ದ ಅದಿರು ಸಿಕ್ಕಿತು. ಶೇಂಗಾ, ಜೋಳ ಬೆಳೆಯುತ್ತಿದ್ದ ರೈತ ತನ್ನ ನಾಲ್ಕೆಕರೆಯನ್ನು ಅಗೆಯಲು ಬಿಟ್ಟ. ಒಂದು ಗಂಟಿನ ಹಣ ಬಂತು. ಅದರಲ್ಲಿ ಮಗಳ ಮದುವೆಯಾಯಿತು, ಮನೆಗೆ ತಾರಸಿ ಬಂತು, ಉಳಿದದ್ದನ್ನು ಮುಂಗಡ ಕಟ್ಟಿ ಸಾಲದ ಮೇಲೆ ಟಿಪ್ಪರ್ ತಂದ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ಶೇಂಗಾ ಬಿಡಿಸುತ್ತಿದ್ದ ಹೆಣ್ಣುಮಕ್ಕಳಿಗೆ ಬಂದದ್ದೇನು? ಅವರ ಹೆಸರಲ್ಲಿ ಪಹಣಿ ಇರಲಿಲ್ಲ, ಆದ್ದರಿಂದ ಹಣವೂ ಇಲ್ಲ. ಕೂಲಿ ಮಾತ್ರ ಹೋಯಿತು. ಅಂಗಡಿ ಬಾಡಿಗೆ, ಮನೆ ಬಾಡಿಗೆ, ನಿವೇಶನದ ದರ ಗಣಿ ಹಣದ ಅಳತೆಗೆ ಏರಿದವು. ಪಾಲು ಸಿಗದವರೂ ಪಾಲುದಾರರ ದರದಲ್ಲೇ ಬದುಕಬೇಕಾಯಿತು. ಗಣಿಯೊಳಗೆ ನೂರು ಜನರ ಕೆಲಸವನ್ನು ಒಂದು ಎಕ್ಸ್‌ಕವೇಟರ್ ಮಾಡುತ್ತದೆ. ಗುತ್ತಿಗೆ ಕೆಲವೇ ಕುಟುಂಬಗಳ ಕೈಯಲ್ಲಿ. ಇಂಥ ಕಡೆ ತಲಾ ಆದಾಯದ ಸರಾಸರಿ ಏರಿದರೆ ಅಚ್ಚರಿಯಿಲ್ಲ. ಮಧ್ಯದವನ ಬದುಕು ಎಷ್ಟು ಏರಿತೆಂದು ಆ ಸರಾಸರಿ ಹೇಳುವುದಿಲ್ಲ.

ಹಾಗಾದರೆ ಪ್ರಾಮಾಣಿಕ ಸರ್ಕಾರವೊಂದಿದ್ದರೆ ಸಾಕೇ? ಶಾಪದ ವಾದಕ್ಕೆ ತಿದ್ದುಪಡಿ ತಂದ ಪಂಡಿತರ ಉತ್ತರ ಬಹುಮಟ್ಟಿಗೆ ಅದೇ: ಸಂಸ್ಥೆಗಳು ಗಟ್ಟಿಯಿದ್ದಲ್ಲಿ ಸಂಪತ್ತು ವರ, ಸಡಿಲಿದ್ದಲ್ಲಿ ಶಾಪ. ಅವರ ಅಚ್ಚುಮೆಚ್ಚಿನ ಉದಾಹರಣೆ ಬೋಟ್ಸ್‌ವಾನಾ. 1966ರಲ್ಲಿ ಸ್ವತಂತ್ರವಾದಾಗ ಆ ದೇಶದಲ್ಲಿ ಟಾರು ಕಂಡ ರಸ್ತೆ 12 ಕಿಲೋಮೀಟರ್. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಡಿ ಬಿಯರ್ಸ್ ಕಂಪನಿಯೊಂದಿಗಿನ ಜಂಟಿ ಗಣಿ ಸಂಸ್ಥೆಯಲ್ಲಿ ಸರ್ಕಾರ ಅರ್ಧ ಪಾಲು ಪಡೆಯಿತು, ಹಣವನ್ನು ಶಾಲೆಗೆ, ರಸ್ತೆಗೆ, ಆಸ್ಪತ್ರೆಗೆ ಹಾಕಿತು, ದಶಕಗಳ ಕಾಲ ಜಗತ್ತಿನಲ್ಲೇ ಅತಿ ವೇಗವಾಗಿ ಬೆಳೆದ ದೇಶಗಳಲ್ಲಿ ಒಂದಾಯಿತು. ಇಷ್ಟು ಓದಿ ಪಾಠ ಮುಗಿಸುತ್ತಾರೆ. ಮುಂದಿನ ಪುಟದಲ್ಲಿರುವುದು ಇದು: ಅದೇ ಬೋಟ್ಸ್‌ವಾನಾ ಇಂದು ಜಗತ್ತಿನ ಅತ್ಯಂತ ಅಸಮಾನ ಸಮಾಜಗಳಲ್ಲೂ ಒಂದು. ವಜ್ರದ ಗಣಿಗೆ ಬೇಕಾದ ಕೈಗಳು ಕಡಿಮೆ. ಹಳ್ಳಿಗಾಡಿನ ಹಳೆಯ ಆಸ್ತಿಯಾದ ದನದ ಹಿಂಡುಗಳು ಮೊದಲಿನಿಂದಲೂ ಕೆಲವರವೇ. ಲಂಚವಿಲ್ಲದೆಯೂ, ಬೆಳವಣಿಗೆ ಕುಂಟದೆಯೂ ಅಂತರ ಉಳಿಯಬಲ್ಲದು. ಬೆಳವಣಿಗೆ ಮತ್ತು ಸಮಾನತೆ ಒಂದೇ ಗಾಡಿಯ ಎರಡು ಎತ್ತುಗಳೆಂದು ನಾವು ಭಾವಿಸಿದ್ದೇವೆ. ಗಣಿಯ ನಾಡಿನಲ್ಲಿ ಅವು ಬೇರೆ ಬೇರೆ ಗಾಡಿಗೆ ಕಟ್ಟಿದ ಎತ್ತುಗಳು.

ಅಷ್ಟು ದೂರ ಹೋಗುವುದೂ ಬೇಡ, ಕೋಲಾರಕ್ಕೆ ಹೋದರೆ ಸಾಕು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗೆ ಕೈಹಾಕಿತು. ಆ ಗಣಿಗೆ ವಿದ್ಯುತ್ ಬೇಕಾಗಿ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ಎದ್ದಿತು. 1902ರಲ್ಲಿ ಸುಮಾರು 150 ಕಿಲೋಮೀಟರ್ ತಂತಿಯ ಮೇಲೆ ಕರೆಂಟು ಕೆಜಿಎಫ್ ತಲುಪಿತು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಅದರ ಬೆನ್ನಿಗೆ, 1905ರಲ್ಲಿ. ಚಿನ್ನದ ರಾಜಧನ ಮೈಸೂರು ಸಂಸ್ಥಾನದ ಬೊಕ್ಕಸ ತುಂಬಿತು. ಆ ವಿದ್ಯುತ್ತಿನ ಮೇಲೆ ಬೆಂಗಳೂರಿನ ಕೈಗಾರಿಕೆ ನಿಂತಿತು. ಮೈಸೂರಿನ ಲೆಕ್ಕದಲ್ಲಿ ಕೋಲಾರದ ಚಿನ್ನ ಅಪ್ಪಟ ವರ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಕೆಜಿಎಫ್‌ಗೆ ಉಳಿದದ್ದು ನೀರು ತುಂಬಿದ ಸುರಂಗಗಳು, ಸೈನೈಡ್ ದಿಬ್ಬಗಳು, ಗಣಿಯಿಲ್ಲದ ಗಣಿ ಲೈನುಗಳು. ಗಾಳಿಗೆ ಏಳುವ ಆ ದಿಬ್ಬದ ಬೂದುಧೂಳನ್ನು ದಾಟಿ, ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹಿಡಿದು ಸಾವಿರಾರು ಜನ ಇವತ್ತಿಗೂ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ತಮ್ಮ ತಾತಂದಿರು ಯಾವ ಊರಿನ ದೀಪಕ್ಕೆ ಕಾರಣರಾದರೋ ಆ ಊರಿಗೆ. ಈಗ ಹೇಳಿ, ಚಿನ್ನ ವರವೋ ಶಾಪವೋ? ಗೆರೆಯನ್ನು ಮೈಸೂರಿನ ಸುತ್ತ ಎಳೆದರೆ ವರ, ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಸುತ್ತ ಎಳೆದರೆ ಶಾಪ. ದೇಶ ದೇಶಗಳ ಸರಾಸರಿ ಹಿಡಿದು ಕೂತವರಿಗೆ ಈ ಗೆರೆ ಕಾಣುವುದೇ ಇಲ್ಲ. ಸಂಪತ್ತು ಅಲ್ಲಿ ಬೆಳವಣಿಗೆಯನ್ನು ಕೊಲ್ಲಲಿಲ್ಲ. ಎತ್ತಿ ಬೇರೆ ಕಡೆ ನೆಟ್ಟಿತು.

ನನ್ನ ವಾದಕ್ಕೆ ಇರುವ ಬಲವಾದ ಆಕ್ಷೇಪವನ್ನೂ ಇಲ್ಲೇ ಎತ್ತಿಕೊಳ್ಳಬೇಕು. ಸಮಾಜ ಪರಿವರ್ತನಾ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಪೆಟ್ಟು ತಿಂದವರಲ್ಲಿ ಮೊದಲಿಗರು ಗುತ್ತಿಗೆದಾರರಲ್ಲ, ಸಾಲದ ಟಿಪ್ಪರಿನವರು. ಕಂತು ಕಟ್ಟಲಾಗದೆ ಮನೆ ಮುಂದಿನ ಗಾಡಿ ಫೈನಾನ್ಸಿನವರ ಅಂಗಳ ಸೇರಿತು. ಹೊಲ ಅಗೆಸಿ ಗಾಡಿ ಕೊಂಡಿದ್ದವನಿಗೆ ಗಾಡಿಯೂ ಇಲ್ಲ, ಹೊಲವೂ ಇಲ್ಲ. ಅಗೆದ ಹೊಲದಲ್ಲಿ ಮೇಲ್ಮಣ್ಣೇ ಇರಲಿಲ್ಲ. ಕ್ಲೀನರು, ಪಂಕ್ಚರ್ ಅಂಗಡಿ, ಖಾನಾವಳಿ ಎಲ್ಲವೂ ಒಟ್ಟಿಗೆ ಕುಸಿದವು. ‘ನಿಮ್ಮ ಪರಿಸರದ ಮಾತಿಗೆ ನಮ್ಮ ಅನ್ನ ಹೋಯಿತು’ ಎಂದವರ ಸಿಟ್ಟು ಸುಳ್ಳಲ್ಲ. ಆದರೆ ಒಂದೇ ಆದೇಶಕ್ಕೆ ಇಡೀ ಸೀಮೆ ಮಕಾಡೆ ಬಿದ್ದಿತೆಂದರೆ, ಅದಕ್ಕಿಂತ ಹಿಂದಿನ ಏಳೆಂಟು ವರ್ಷಗಳ ಹಣದಿಂದ ಗಣಿಯ ಹೊರಗೆ ಏನನ್ನೂ ಕಟ್ಟಿರಲಿಲ್ಲ ಎಂದೇ ಅರ್ಥ. ಆ ಹಣ ಊರಿನ ಕೈಗೆ ಬಂದೇ ಇರಲಿಲ್ಲ.

2013ರ ತೀರ್ಪಿನ ನಂತರ ಗಣಿ ಮತ್ತೆ ಶುರುವಾದದ್ದು ಮಿತಿಯೊಳಗೆ: ಬಳ್ಳಾರಿ, ಚಿತ್ರದುರ್ಗ, ತುಮಕೂರು ಮೂರೂ ಸೇರಿ ವರ್ಷಕ್ಕೆ 3 ಕೋಟಿ ಟನ್. ಮುಂದೆ ಅದನ್ನು ಏರಿಸಲಾಗಿದೆ. 2022ರವರೆಗೆ ಮಾರಾಟ ಇ-ಹರಾಜಿನಲ್ಲೇ ಇತ್ತು. ಅಂದಾಜಿಗೆ ಟನ್ನಿಗೆ 2,000 ರೂಪಾಯಿ ಎಂದು ಹಿಡಿಯಿರಿ. 3 ಕೋಟಿ ಟನ್ನಿಗೆ ಹಳೆಯ ಪಟ್ಟಿಯ ಮೇಲಿನ ದರದಲ್ಲಿ ರಾಜಧನ 81 ಕೋಟಿ. ಶೇ 15ರ ಲೆಕ್ಕದಲ್ಲಿ 900 ಕೋಟಿ. ಇದರ ಜೊತೆಗೆ ನೊಂದ ಸೀಮೆಯ ಪುನಶ್ಚೇತನಕ್ಕೆಂದು ನ್ಯಾಯಾಲಯ ಹಣ ತೆಗೆದಿರಿಸಿತು. ಅದನ್ನು ಬಳಸಲು 2014ರಲ್ಲಿ ರಾಜ್ಯ ಒಂದು ನಿಗಮ ಮಾಡಿತು. 2015ರ ತಿದ್ದುಪಡಿ ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ತಂದಿತು. ಹಳೆಯ ಗುತ್ತಿಗೆದಾರರು ರಾಜಧನದ ಶೇ 30ರಷ್ಟನ್ನು, ಹರಾಜಿನಲ್ಲಿ ಬಂದವರು ಶೇ 10ರಷ್ಟನ್ನು ಅದಕ್ಕೆ ಕೊಡಬೇಕು. ಕಾಗದದ ಮೇಲೆ ಇದು ಶಾಪವಿಮೋಚನೆಯೇ. ನಡೆದದ್ದು? ಪುನಶ್ಚೇತನದ ಸಾವಿರಾರು ಕೋಟಿ ವರ್ಷಗಟ್ಟಲೆ ಖಾತೆಯಲ್ಲೇ ಕೊಳೆಯಿತು, ನ್ಯಾಯಾಲಯ ಮತ್ತೆ ಮತ್ತೆ ಚುಚ್ಚಬೇಕಾಯಿತು. ಪ್ರತಿಷ್ಠಾನದ ಹಣಕ್ಕೆ ಕಟ್ಟಡದ ಮೇಲೆ ಪ್ರೀತಿ ಹೆಚ್ಚು. ಕಟ್ಟಡಕ್ಕೆ ಟೆಂಡರ್ ಇರುತ್ತದೆ, ಉದ್ಘಾಟನೆಯ ಕಲ್ಲಿರುತ್ತದೆ. ದೂಳು ಕುಡಿದ ಎದೆಗೆ ವೈದ್ಯರನ್ನು ಕೊಡುವುದಕ್ಕೆ ಆ ಕಲ್ಲಿನ ಸೌಕರ್ಯವಿಲ್ಲ. ಗಣಿಯ ಬುಡದ ಹಳ್ಳಿಯ ಗ್ರಾಮಸಭೆ ಆ ಹಣದ ಬಗ್ಗೆ ತೀರ್ಮಾನಿಸುವ ದಿನ ಇನ್ನೂ ಬಂದಿಲ್ಲ. ಬೆಲೆ ಸರಿಹೋಯಿತು, ಹಂಚುವ ಕೈ ಬದಲಾಗಲಿಲ್ಲ.

ಕೊನೆಯದಾಗಿ, ಅದಿರಿನಿಂದ ಬರುವ ಹಣವನ್ನು ನಾವು ಆದಾಯ ಎಂದು ಬರೆದುಕೊಳ್ಳುತ್ತೇವೆ. ಹೊಲದ ಬೆಳೆ ಆದಾಯ. ಹೊಲವನ್ನೇ ಮಾರಿ ಬಂದ ಹಣ ಆದಾಯವಲ್ಲ ಎಂದು ಯಾವ ಒಕ್ಕಲಿಗನನ್ನು ಕೇಳಿದರೂ ಹೇಳುತ್ತಾನೆ. ಒಮ್ಮೆ ತೆಗೆದ ಅದಿರು ಮತ್ತೆ ಮೊಳೆಯುವುದಿಲ್ಲ. ನಾರ್ವೆ ತನ್ನ ತೈಲದ ಹಣವನ್ನು ನಿಧಿಯಾಗಿ ಕಟ್ಟಲು 1990ರಲ್ಲೇ ಕಾನೂನು ಮಾಡಿದ್ದು ಈ ಒಕ್ಕಲುತನದ ತಿಳಿವಳಿಕೆಯಿಂದಲೇ. 2014ರಲ್ಲಿ ಗೋವಾದ ಅದಿರಿನ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಮುಂದಿನ ಪೀಳಿಗೆಗೆಂದು ಶಾಶ್ವತ ನಿಧಿ ಕಟ್ಟಲು ಹೇಳಿತು. ಕರ್ನಾಟಕದ ಅದಿರಿಗೂ ಅಂಥ ನಿಧಿ ಬೇಕು. ಹಾಗೆ ಕೇಳಲು ಈಗ ಬಲವೂ ಬಂದಿದೆ. 2024ರ ಜುಲೈ 25ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಎಂಟು–ಒಂದರ ಬಹುಮತದಿಂದ, ರಾಜಧನ ತೆರಿಗೆಯಲ್ಲ, ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕಲು ರಾಜ್ಯಗಳಿಗೆ ಅಧಿಕಾರವಿದೆ ಎಂದಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ, ಇದು ರಾಜ್ಯಗಳ ನಡುವೆ ಅನಾರೋಗ್ಯಕರ ಪೈಪೋಟಿಗೆ ದಾರಿಯಾದೀತು ಎಂದರು. ಆ ಎಚ್ಚರಿಕೆ ತಳ್ಳಿಹಾಕುವಂಥದ್ದಲ್ಲ. ಆದರೆ ದರ ನಿಗದಿ ಮಾಡುವವರು ಒಂದೂರಲ್ಲಿ, ದೂಳು ಕುಡಿಯುವವರು ಇನ್ನೊಂದೂರಲ್ಲಿ ಎಂಬ ಹಳೆಯ ಏರ್ಪಾಡು ಏನು ಮಾಡಿತೆಂದು ನೋಡಿಯಾಗಿದೆ. ಬೆಂಗಳೂರಿಗೆ ಬಂದ ಅಧಿಕಾರ ಅಲ್ಲೇ ನಿಂತುಬಿಟ್ಟರೆ ಸಂಡೂರಿಗೆ ಅದು ದೆಹಲಿಯಷ್ಟೇ ದೂರ.

ಆದ್ದರಿಂದ ಅದಿರನ್ನು ಬೈಯುವುದನ್ನು ಬಿಡೋಣ. ಗುಡ್ಡದ ಕಲ್ಲಿಗೆ ಯಾರನ್ನೂ ಬಡವರನ್ನಾಗಿ ಮಾಡುವ ಮನಸ್ಸಿಲ್ಲ, ಸಿರಿವಂತರನ್ನಾಗಿ ಮಾಡುವ ಮನಸ್ಸೂ ಇಲ್ಲ. ಒಂದು ಲಾರಿಗೆ 432 ರೂಪಾಯಿ ಸಾಕು ಎಂದು ಯಾರೋ ಕೂತು ಬರೆದರು. ಆ ದರಪಟ್ಟಿ ರಾಜಪತ್ರದಲ್ಲಿ ಅಚ್ಚಾಗಿದೆ. ಕೆಳಗೆ ಸಹಿಯಿದೆ, ದಿನಾಂಕವೂ ಇದೆ.